ಪಂದ್ಯಕ್ಕೆ ಮುನ್ನ ಗೋಲ್‌ಕೀಪರ್‌ಗೆ ಪ್ರತ್ಯೇಕ ವಾರ್ಮ್‌ಅಪ್ ಬೇಕೇ? ತಂಡದ ವಾರ್ಮ್‌ಅಪ್ ಜೊತೆ ಅದನ್ನು ಹೊಂದಿಸುವುದು ಹೇಗೆ?

ಪ್ರಶ್ನೆ (ತಂಡದ ತರಬೇತುದಾರ)

ಎಲ್ಲರಿಗೂ ನಮಸ್ಕಾರ. 14ರಿಂದ 16 ವರ್ಷದ ಹುಡುಗಿಯರ ಮತ್ತು ಹುಡುಗರ ಎರಡು ಫುಟ್‌ಬಾಲ್ ತಂಡಗಳ ಹೊಣೆಯನ್ನು ಈ ಋತುವಿನಿಂದ ವಹಿಸಿಕೊಂಡಿದ್ದೇನೆ. ಪಂದ್ಯಕ್ಕೆ ಮುಂಚೆ ಈ ತಂಡಗಳಲ್ಲಿ ಮೊದಲಿನಿಂದಲೂ ನಡೆದುಬಂದಿರುವ ಪದ್ಧತಿ ಹೀಗಿದೆ: ಎಲ್ಲರೂ ಮೈದಾನಕ್ಕೆ ಎರಡು ಸುತ್ತು ಓಡುತ್ತಾರೆ, ಆಮೇಲೆ ವೃತ್ತಾಕಾರವಾಗಿ ನಿಂತು ಒಂದೊಂದು ಸ್ನಾಯುವನ್ನೂ ಎಳೆದು ಹಿಡಿದು ಇಪ್ಪತ್ತರವರೆಗೆ ಎಣಿಸುತ್ತಾರೆ, ಕೊನೆಗೆ ಪೆನಾಲ್ಟಿ ಆವರಣದ ಅಂಚಿನಲ್ಲಿ ಸಾಲಾಗಿ ನಿಂತು ಒಬ್ಬರಾದ ಮೇಲೊಬ್ಬರು ಗೋಲಿಗೆ ಚೆಂಡನ್ನು ಒದೆಯುತ್ತಾರೆ. ಗೋಲ್‌ಕೀಪರ್‌ಗೆಂದು ಬೇರೆ ಏನೂ ಇಲ್ಲ. ಆ ಸಾಲಿನಿಂದ ಬರುವ ಚೆಂಡುಗಳನ್ನು ತಡೆಯುವುದೇ ಅವರ ವಾರ್ಮ್‌ಅಪ್ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ.

ನನ್ನನ್ನು ಕಾಡುತ್ತಿರುವ ಸಂಗತಿಗಳು ಎರಡು. ಮೊದಲನೆಯದಾಗಿ, ಎರಡೂ ತಂಡಗಳ ಗೋಲ್‌ಕೀಪರ್‌ಗಳು ಪಂದ್ಯದ ಮೊದಲ ಹತ್ತು ನಿಮಿಷಗಳಲ್ಲಿ ಬಿಗಿಯಾಗಿಯೇ ಇರುತ್ತಾರೆ. ಕೈಗೆ ನೇರವಾಗಿ ಬಂದ ಚೆಂಡು ಜಾರುತ್ತದೆ, ಕ್ರಾಸ್ (ಮೈದಾನದ ಪಕ್ಕದ ಅಂಚಿನಿಂದ ಗೋಲಿನ ಮುಂದಕ್ಕೆ ಕಳಿಸುವ ಚೆಂಡು) ಬಂದಾಗ ಮುಂದೆ ಬರಬೇಕೋ ಗೆರೆಯ ಮೇಲೆ ನಿಲ್ಲಬೇಕೋ ಎಂದು ತಡವರಿಸುತ್ತಾರೆ. ಎರಡನೆಯದಾಗಿ, ಉಳಿದ ಆಟಗಾರರು ಸಾಲಿನಲ್ಲಿ ನಿಂತು ತಮ್ಮ ಸರದಿ ಕಾಯುವುದರಲ್ಲೇ ಹೆಚ್ಚು ಹೊತ್ತು ಕಳೆಯುತ್ತಾರೆ. ಓಡಿ ಬೆಚ್ಚಗಾಗಿದ್ದ ಮೈ ಪಂದ್ಯ ಆರಂಭವಾಗುವ ಹೊತ್ತಿಗೆ ಮತ್ತೆ ತಣ್ಣಗಾಗಿರುತ್ತದೆ ಎಂಬುದು ನನ್ನ ಅನುಮಾನ.

ಪಂದ್ಯಕ್ಕೆ ಮುನ್ನ ನಮಗೆ ಅರ್ಧ ಮೈದಾನ ಮತ್ತು ಸುಮಾರು ಮೂವತ್ತು ನಿಮಿಷ ಸಿಗುತ್ತದೆ. ಒಬ್ಬ ಸಹಾಯಕರಿದ್ದಾರೆ, ಕೋನ್‌ಗಳು ಬೇಕಾದಷ್ಟಿವೆ, ಚೆಂಡುಗಳು ಮಾತ್ರ ಕಡಿಮೆ. ಗೋಲ್‌ಕೀಪರ್ ಮತ್ತು ಉಳಿದ ಆಟಗಾರರು, ಇಬ್ಬರಿಗೂ ನ್ಯಾಯ ಸಿಗುವಂತೆ ಈ ಮೂವತ್ತು ನಿಮಿಷವನ್ನು ಹೇಗೆ ಹೊಂದಿಸಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ (ಗೋಲ್‌ಕೀಪಿಂಗ್ ತರಬೇತುದಾರ)

ತಮ್ಮ ಗೋಲ್‌ಕೀಪರ್‌ಗಳು ಬಿಗಿಯಾಗಿರುವುದರಲ್ಲಿ ಆಶ್ಚರ್ಯವಿಲ್ಲ, ಸರ್. ತಾವು ವಿವರಿಸಿರುವ ಸಾಲು ಒದೆಯುವವರ ಅಭ್ಯಾಸ. ಗೋಲ್‌ಕೀಪರ್‌ನ ವಾರ್ಮ್‌ಅಪ್ ಖಂಡಿತ ಅಲ್ಲ. ಒದೆಯುವವರಿಗೆ ಗೋಲು ಹೊಡೆಯುವ ಆಸೆ ಇರುವುದು ಸಹಜ, ಆದ್ದರಿಂದ ಪ್ರತಿಯೊಬ್ಬರೂ ಮೂಲೆಯನ್ನೇ ಗುರಿಯಿಡುತ್ತಾರೆ. 7.32 ಮೀಟರ್ ಅಗಲ, 2.44 ಮೀಟರ್ ಎತ್ತರದ ಗೋಲಿನಲ್ಲಿ ಮೈ ಇನ್ನೂ ಸಡಿಲಗೊಳ್ಳದ ಒಬ್ಬ ಹುಡುಗಿ ಮೊದಲ ಚೆಂಡಿಗೇ ಪೂರ್ತಿ ಉದ್ದಕ್ಕೆ ಜಿಗಿಯಬೇಕಾಗುತ್ತದೆ. ಆಕೆ ನೆಲದಿಂದ ಏಳುವ ಮೊದಲೇ ಮುಂದಿನವನು ಓಡಿಬಂದು ಒದ್ದಿರುತ್ತಾನೆ. ಹೀಗೆ ನಡೆದಾಗ ಅವಳು ಕೈಯಲ್ಲಿ ಹಿಡಿದ ಚೆಂಡುಗಳಿಗಿಂತ ಬಲೆಯಿಂದ ಹೆಕ್ಕಿ ತಂದ ಚೆಂಡುಗಳೇ ಹೆಚ್ಚಾಗುತ್ತವೆ. ಭುಜ, ಸೊಂಟ, ಬೆರಳುಗಳಿಗೆ ಪೆಟ್ಟಾಗುವ ಸಂಭವ ಒಂದು ಕಡೆಯಾದರೆ, ಪಂದ್ಯ ಆರಂಭವಾಗುವ ಮೊದಲೇ ತನ್ನ ಕೈಗಳ ಮೇಲಿನ ನಂಬಿಕೆಯನ್ನು ಕಳೆದುಕೊಳ್ಳುವುದು ಇನ್ನೊಂದು ಕಡೆ. ಈ ಎರಡನೆಯದು ನನ್ನ ದೃಷ್ಟಿಯಲ್ಲಿ ಹೆಚ್ಚು ಹಾನಿಕರ.

ಗೋಲ್‌ಕೀಪರ್‌ನ ವಾರ್ಮ್‌ಅಪ್ ಸುಲಭದಿಂದ ಕಠಿಣಕ್ಕೆ, ಹತ್ತಿರದಿಂದ ದೂರಕ್ಕೆ, ನೆಲದ ಸಮೀಪದಿಂದ ಎತ್ತರಕ್ಕೆ ಸಾಗಬೇಕು. ಮೊದಲು ಕಾಲುಗಳು: ಪಕ್ಕಕ್ಕೆ ಜರುಗುವುದು, ಕಾಲು ಅಡ್ಡ ಹಾಕಿ ಹಿಂದಕ್ಕೆ ಓಡುವುದು, ಎರಡು ಕೋನ್‌ಗಳ ನಡುವೆ ಚಿಕ್ಕ ಹೆಜ್ಜೆಗಳಲ್ಲಿ ಚಲಿಸಿ ಒಮ್ಮೆಲೇ ಸ್ಥಿರವಾಗಿ ನಿಲ್ಲುವುದು. ಈ ನಿಲ್ಲುವುದನ್ನು ಬಹಳ ಮಂದಿ ಕಡೆಗಣಿಸುತ್ತಾರೆ. ಎದುರಾಳಿ ಒದೆಯುವ ಕ್ಷಣದಲ್ಲಿ ಗೋಲ್‌ಕೀಪರ್‌ನ ಎರಡೂ ಪಾದಗಳು ನೆಲದ ಮೇಲಿರಬೇಕು, ಭಾರ ಪಾದದ ಮುಂಭಾಗದ ಮೇಲಿರಬೇಕು. ಇನ್ನೂ ಚಲಿಸುತ್ತಿರುವವನಿಗೆ ಆ ಚಲನೆಯ ವಿರುದ್ಧ ದಿಕ್ಕಿಗೆ ಜಿಗಿಯಲು ಆಗುವುದಿಲ್ಲ.

ಆಮೇಲೆ ಕೈಗಳು. ಸಹಾಯಕರು ಐದಾರು ಮೀಟರ್ ದೂರದಲ್ಲಿ ನಿಂತು, ಚೆಂಡನ್ನು ಕೈಯಿಂದ ಬಿಟ್ಟು ಅದು ನೆಲಕ್ಕೆ ತಾಗುವ ಮುನ್ನ ಮೆಲ್ಲಗೆ ಒದೆದು ನೇರವಾಗಿ ಎದೆಯ ಮಟ್ಟಕ್ಕೆ, ನಂತರ ಮುಖದ ಮಟ್ಟಕ್ಕೆ, ನಂತರ ಹೊಟ್ಟೆಯ ಮಟ್ಟಕ್ಕೆ ಕಳಿಸಲಿ. ಎದೆಗಿಂತ ಮೇಲೆ ಬಂದ ಚೆಂಡಿಗೆ ಎರಡು ಹೆಬ್ಬೆರಳುಗಳು ಚೆಂಡಿನ ಹಿಂದೆ ಒಂದಕ್ಕೊಂದು ಹತ್ತಿರವಿರಬೇಕು, ಉಳಿದ ಬೆರಳುಗಳು ಹರಡಿಕೊಂಡಿರಬೇಕು. ಅದಕ್ಕಿಂತ ಕೆಳಗೆ ಬಂದರೆ ಕಿರುಬೆರಳುಗಳು ಹತ್ತಿರ ಬಂದು, ಮುಂಗೈಗಳ ಮೇಲೆ ಚೆಂಡನ್ನು ಉರುಳಿಸಿಕೊಂಡು ಎದೆಗೆ ಅವುಚಿಕೊಳ್ಳಬೇಕು. ಇಲ್ಲಿ ಒದೆಯುವವರು ಗೋಲ್‌ಕೀಪರ್‌ನನ್ನು ಸೋಲಿಸಲು ಪ್ರಯತ್ನಿಸಕೂಡದು. ಚೆಂಡು ಕೈಗೆ ಬಂದು ಕೂರುವ ಸದ್ದು ಮತ್ತೆ ಮತ್ತೆ ಕೇಳಬೇಕು. ಈ ಹಂತದ ಉದ್ದೇಶವೇ ಅದು.

ಜಿಗಿತಕ್ಕೂ ಕ್ರಮವಿದೆ. ಮೊದಲು ಮಂಡಿಯೂರಿ ಕುಳಿತು ಎರಡೂ ಪಕ್ಕಕ್ಕೆ ಬೀಳುವುದು, ಆಮೇಲೆ ಅರ್ಧ ಕುಳಿತ ಭಂಗಿಯಿಂದ, ಕೊನೆಗೆ ನಿಂತ ನಿಲುವಿನಿಂದ. ಬೀಳುವಾಗ ಮೊಣಕೈ ಅಥವಾ ಹೊಟ್ಟೆ ಮೊದಲು ನೆಲಕ್ಕೆ ತಾಗಬಾರದು. ಕಾಲಿನ ಹೊರಬದಿ, ಸೊಂಟದ ಪಕ್ಕ, ಪಕ್ಕೆ, ಭುಜ ಹೀಗೆ ಒಂದಾದ ಮೇಲೊಂದು ನೆಲವನ್ನು ಮುಟ್ಟಬೇಕು. ಚೆಂಡಿನ ಹಿಂದೆ ಒಂದು ಕೈ, ಮೇಲೆ ಇನ್ನೊಂದು ಕೈ ಇದ್ದು, ನೆಲವೇ ಮೂರನೆಯ ಕೈಯಾಗಿ ಕೆಲಸ ಮಾಡಬೇಕು. ಜಿಗಿತ ಪಕ್ಕಕ್ಕಷ್ಟೇ ಅಲ್ಲದೆ ಸ್ವಲ್ಪ ಮುಂದಕ್ಕೂ ಇರುವಂತೆ ನೋಡಿಕೊಳ್ಳಿ. ಪೂರ್ತಿ ಉದ್ದದ ಜಿಗಿತ ಪ್ರತಿ ಪಕ್ಕಕ್ಕೆ ಎರಡು ಮೂರು ಸಾಕು, ಪಂದ್ಯದ ದಿನ ಅದಕ್ಕಿಂತ ಹೆಚ್ಚು ಬೇಡ.

ಅನಂತರ ಎರಡೂ ಅಂಚುಗಳಿಂದ ಕ್ರಾಸ್‌ಗಳು. ಮೊದಲ ಕೆಲವಕ್ಕೆ ಎದುರು ಯಾರೂ ಇರಬಾರದು. ಆಮೇಲೆ ಒಬ್ಬ ಆಟಗಾರ ಪಕ್ಕದಲ್ಲಿ ನಿಂತು ಸ್ವಲ್ಪ ಅಡ್ಡಿಪಡಿಸಲಿ. ತಾವು ಹೇಳಿದ ತಡವರಿಕೆಗೆ ಮದ್ದು ಇಲ್ಲಿದೆ. ಆ ದಿನದ ಗಾಳಿ, ಬೆಳಕು, ಚೆಂಡಿನ ತಿರುವು ಇವೆಲ್ಲ ಗೋಲ್‌ಕೀಪರ್‌ಗೆ ಅಂದಾಜಾಗುವುದು ಕೆಲವು ಕ್ರಾಸ್‌ಗಳನ್ನು ಎತ್ತರದಲ್ಲಿ ಹಿಡಿದ ಮೇಲೆಯೇ. ಮುಂದೆ ಬರುವಾಗಲೆಲ್ಲ ಗಟ್ಟಿಯಾಗಿ ಕೂಗಿ ಹೇಳುವುದನ್ನು ವಾರ್ಮ್‌ಅಪ್‌ನಲ್ಲೇ ರೂಢಿಸಿ.

ಕೊನೆಯದಾಗಿ ಪಾದದ ಆಟ. ಸಹ ಆಟಗಾರ ಉದ್ದೇಶಪೂರ್ವಕವಾಗಿ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಮುಟ್ಟಬಾರದೆಂಬ ನಿಯಮ 1992ರಲ್ಲಿ ಬಂದ ನಂತರ, ಗೋಲ್‌ಕೀಪರ್ ತನ್ನ ಪಾದಗಳಿಂದಲೂ ಆಡಲೇಬೇಕಾಗಿದೆ. ಎರಡೂ ಕಾಲುಗಳಿಂದ ಹತ್ತಿರದ ಪಾಸ್, ದೂರದ ಪಾಸ್, ಕೈಯಿಂದ ಎಸೆತ, ಗೋಲ್ ಕಿಕ್ ಇವಿಷ್ಟನ್ನೂ ಮಾಡಿಸಿ. ತಂಡದ ಒದೆತಗಳು ಬರಬೇಕಾದದ್ದು ಇದೆಲ್ಲ ಮುಗಿದ ಮೇಲೆ, ಅದೂ ಎರಡು ಮೂರು ನಿಮಿಷ ಮಾತ್ರ. ಗೋಲ್‌ಕೀಪರ್ ಸಿದ್ಧನಾಗಿ ಕೈ ಎತ್ತಿದ ನಂತರವೇ ಮುಂದಿನ ಚೆಂಡು ಬರಲಿ.

ಉತ್ತರ (ಕ್ರೀಡಾ ಫಿಸಿಯೋಥೆರಪಿಸ್ಟ್)

ಮೇಲಿನ ಉತ್ತರದ ತಾಂತ್ರಿಕ ಭಾಗವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಗೋಲ್‌ಕೀಪರ್‌ನನ್ನು ಆರಂಭದಿಂದಲೇ ತಂಡದಿಂದ ಬೇರೆ ಮಾಡುವುದಾದರೆ ಅದಕ್ಕೆ ನನ್ನ ಸಹಮತವಿಲ್ಲ. ಮೊದಲ ಎಂಟು ಹತ್ತು ನಿಮಿಷ ಎಲ್ಲರ ಮೈಯೂ ಒಂದೇ ರೀತಿ ಬೆಚ್ಚಗಾಗಬೇಕು, ಎಲ್ಲರ ಮಂಡಿಗಳಿಗೂ ಒಂದೇ ರೀತಿಯ ರಕ್ಷಣೆ ಬೇಕು. ಗೋಲ್‌ಕೀಪರ್ ಕಡಿಮೆ ಓಡುತ್ತಾನೆ ನಿಜ, ಆದರೆ ಓಡುವಾಗ ನಿಂತಲ್ಲಿಂದ ಒಮ್ಮೆಲೇ ಪೂರ್ಣ ವೇಗಕ್ಕೆ ಹೋಗುತ್ತಾನೆ. ಒಂದೇ ಕಾಲಿನ ಮೇಲೆ ಎಗರಿ ಗುಂಪಿನ ನಡುವೆ ಇಳಿಯುತ್ತಾನೆ.

ಸ್ಟ್ರೆಚಿಂಗ್ ವಿಷಯದಲ್ಲಿ ಗೊಂದಲ ಬೇಡ. ಒಂದು ಸ್ನಾಯುವನ್ನು ಒಟ್ಟು ಅರವತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಎಳೆದು ಹಿಡಿದರೆ ಅದರ ಬಲ ಮತ್ತು ಜಿಗಿಯುವ ಶಕ್ತಿ ತಾತ್ಕಾಲಿಕವಾಗಿ ಕುಗ್ಗುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಅದಕ್ಕಿಂತ ಕಡಿಮೆ ಹೊತ್ತು ಹಿಡಿದು, ಆಮೇಲೆ ಚಲನೆಯುಳ್ಳ ವ್ಯಾಯಾಮ ಮಾಡಿದರೆ ಈ ಪರಿಣಾಮ ಅತ್ಯಲ್ಪ. ಆದ್ದರಿಂದ ಇಪ್ಪತ್ತರವರೆಗೆ ಎಣಿಸುವುದು ಅಪಾಯವಲ್ಲ. ಅದರ ದೋಷವಿರುವುದು ಬೇರೆ ಕಡೆ: ಆಟಗಾರರು ಸುಮ್ಮನೆ ನಿಂತಿರುವಷ್ಟು ಹೊತ್ತು, ಓಡಿ ಗಳಿಸಿದ ಶಾಖ ಇಳಿಯುತ್ತಲೇ ಇರುತ್ತದೆ. ಅದೇ ಸಮಯದಲ್ಲಿ ನಡೆಯುತ್ತಾ ಲಂಜ್ (ಒಂದು ಕಾಲನ್ನು ಮುಂದಿಟ್ಟು ಮಂಡಿ ಮಡಿಸಿ ಮೈಯನ್ನು ಕೆಳಗಿಳಿಸುವುದು) ಮಾಡಿಸಿ. ಮಂಡಿ ಎತ್ತಿ ಸೊಂಟದ ಕೀಲನ್ನು ಹೊರಗೂ ಒಳಗೂ ತಿರುಗಿಸಲಿ. ನೇರ ಕಾಲನ್ನು ಮುಂದಕ್ಕೂ ಪಕ್ಕಕ್ಕೂ ಬೀಸಲಿ. ತೊಡೆಸಂದಿನ ಸ್ನಾಯುಗಳಿಗೆ ಫುಟ್‌ಬಾಲಿನಲ್ಲಿ ಬೀಳುವ ಒತ್ತಡ ಹೆಚ್ಚು, ಅವನ್ನು ಮರೆಯಬೇಡಿ.

ಫಿಫಾದ ವೈದ್ಯಕೀಯ ಸಂಶೋಧನಾ ಕೇಂದ್ರವು 2006ರಲ್ಲಿ ಇತರ ತಜ್ಞ ಸಂಸ್ಥೆಗಳ ಜೊತೆಗೂಡಿ ‘11+’ ಎಂಬ ವಾರ್ಮ್‌ಅಪ್ ಕಾರ್ಯಕ್ರಮವನ್ನು ರೂಪಿಸಿತು. 14 ವರ್ಷ ಮತ್ತು ಮೇಲ್ಪಟ್ಟವರಿಗಾಗಿ ಇರುವುದರಿಂದ ತಮ್ಮ ತಂಡಗಳಿಗೆ ಸರಿಯಾಗಿ ಹೊಂದುತ್ತದೆ; ಅದಕ್ಕಿಂತ ಚಿಕ್ಕ ಮಕ್ಕಳಿಗೆ ಬೇರೆಯದೇ ಆವೃತ್ತಿಯಿದೆ. ಒಟ್ಟು 15 ವ್ಯಾಯಾಮಗಳು, ಸುಮಾರು 20 ನಿಮಿಷ. ಮೊದಲ ಭಾಗ ಎಂಟು ನಿಮಿಷದ ನಿಧಾನ ಓಟ: ಐದಾರು ಮೀಟರ್ ಅಂತರದಲ್ಲಿ ಇಟ್ಟ ಆರು ಜೋಡಿ ಕೋನ್‌ಗಳ ನಡುವೆ ಇಬ್ಬಿಬ್ಬರಾಗಿ ಓಡುತ್ತಾ, ಸೊಂಟ ತಿರುಗಿಸುವುದು, ಜೊತೆಗಾರರನ್ನು ಸುತ್ತುವುದು, ಗಾಳಿಯಲ್ಲಿ ಭುಜಕ್ಕೆ ಭುಜ ತಾಗಿಸುವುದು. ಎರಡನೆಯ ಭಾಗ ಹತ್ತು ನಿಮಿಷ: ಬಲ, ಸಮತೋಲನ ಮತ್ತು ಜಿಗಿತ. ಮೂರನೆಯ ಭಾಗ ಎರಡು ನಿಮಿಷದ ವೇಗದ ಓಟ, ದಿಕ್ಕು ಬದಲಾವಣೆಯೊಂದಿಗೆ.

ನಾರ್ವೆಯಲ್ಲಿ 13ರಿಂದ 17 ವರ್ಷದ ಸುಮಾರು 1,900 ಆಟಗಾರ್ತಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಕಾರ್ಯಕ್ರಮ ಅನುಸರಿಸಿದ ತಂಡಗಳಲ್ಲಿ ಒಟ್ಟು ಗಾಯಗಳು ಸುಮಾರು ಮೂರನೇ ಒಂದರಷ್ಟು, ತೀವ್ರ ಗಾಯಗಳು ಹೆಚ್ಚು ಕಡಿಮೆ ಅರ್ಧದಷ್ಟು ಕಡಿಮೆಯಾಗಿದ್ದವು. ತಾವು ಹುಡುಗಿಯರ ತಂಡಕ್ಕೂ ತರಬೇತಿ ಕೊಡುತ್ತಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಈ ವಯಸ್ಸಿನ ಹುಡುಗಿಯರಲ್ಲಿ ಮಂಡಿಯ ಮುಂಭಾಗದ ಅಡ್ಡ ಲಿಗಮೆಂಟ್ (ಎಲುಬುಗಳನ್ನು ಜೋಡಿಸುವ ಗಟ್ಟಿ ಪಟ್ಟಿ) ಹರಿಯುವ ಸಂಭವ ಹುಡುಗರಿಗಿಂತ ಹೆಚ್ಚು, ಮತ್ತು ಬಹಳಷ್ಟು ಸಲ ಅದು ಯಾರೂ ಬಂದು ಗುದ್ದದೆ, ಜಿಗಿದು ಇಳಿಯುವಾಗ ಅಥವಾ ಒಮ್ಮೆಲೇ ತಿರುಗುವಾಗ ಆಗುತ್ತದೆ. ಆಟಗಾರ್ತಿ ಇಳಿಯುವುದನ್ನು ಎದುರಿನಿಂದ ನೋಡಿ. ಮಂಡಿ ಒಳಕ್ಕೆ ವಾಲಿ ಇನ್ನೊಂದು ಮಂಡಿಯತ್ತ ಹೋಗುತ್ತಿದ್ದರೆ ಅಲ್ಲೇ ನಿಲ್ಲಿಸಿ ತಿದ್ದಬೇಕು. ಸೊಂಟ, ಮಂಡಿ, ಪಾದ ಮೂರೂ ಒಂದೇ ನೇರದಲ್ಲಿರಬೇಕು, ಮಂಡಿ ಮಡಿಸಿ ಮೃದುವಾಗಿ, ಸದ್ದಿಲ್ಲದೆ ಇಳಿಯಬೇಕು. ಜೋರಾಗಿ ಧಪ್ ಎಂದು ಸದ್ದಾದರೆ ಆ ಹೊಡೆತವನ್ನು ಸ್ನಾಯುಗಳ ಬದಲು ಕೀಲುಗಳು ತಡೆದುಕೊಂಡಿವೆ ಎಂದರ್ಥ.

ಒಂದು ಎಚ್ಚರಿಕೆ. ಎರಡನೆಯ ಭಾಗವನ್ನು ಪಂದ್ಯದ ದಿನ ಮಾಡಿಸಬೇಡಿ. ಅದರಲ್ಲಿ ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ ಎಂಬ ವ್ಯಾಯಾಮವಿದೆ: ಮಂಡಿಯೂರಿ ನಿಂತು, ಜೊತೆಗಾರರು ಕಣಕಾಲುಗಳನ್ನು ಹಿಡಿದಿರುವಾಗ, ಮೈಯನ್ನು ನೇರವಾಗಿಟ್ಟುಕೊಂಡು ನಿಧಾನವಾಗಿ ಮುಂದಕ್ಕೆ ಬಾಗುವುದು. ತೊಡೆಯ ಹಿಂಭಾಗದ ಸ್ನಾಯುವನ್ನು ಗಾಯದಿಂದ ಕಾಪಾಡಲು ಅದರಷ್ಟು ಚೆನ್ನಾಗಿ ಪರೀಕ್ಷೆಗೊಳಗಾದ ವ್ಯಾಯಾಮಗಳು ಕೆಲವೇ. ಆದರೆ ಹೊಸಬರಿಗೆ ಅದು ಮರುದಿನವೂ ನೋವು ಉಳಿಸುತ್ತದೆ. ಆರಂಭದಲ್ಲಿ ಮೂರರಿಂದ ಐದು ಸಲ ಸಾಕು. ವಾರದ ಅಭ್ಯಾಸಗಳಲ್ಲಿ ಕನಿಷ್ಠ ಎರಡು ಸಲ ಇಡೀ ಕಾರ್ಯಕ್ರಮ, ಪಂದ್ಯಕ್ಕೆ ಮುನ್ನ ಮೊದಲ ಮತ್ತು ಮೂರನೆಯ ಭಾಗ ಮಾತ್ರ; ರೂಪಿಸಿದವರ ಸೂಚನೆಯೂ ಇದೇ. ಭುಜದ ಗಾಯಗಳನ್ನು ತಡೆಯಲು ಗೋಲ್‌ಕೀಪರ್‌ಗಳಿಗೆಂದೇ ಇದೇ ಮಾದರಿಯಲ್ಲಿ ಇನ್ನೊಂದು ಕಾರ್ಯಕ್ರಮವೂ ಇದೆ. ಅದನ್ನೂ ವಾರದ ಅಭ್ಯಾಸಕ್ಕೆ ಸೇರಿಸಿಕೊಳ್ಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಂಡಿ ಒಳಕ್ಕೆ ವಾಲುವುದನ್ನು ನಮ್ಮ ಹುಡುಗಿಯರಲ್ಲಿ ನಾನು ನೋಡಿದ್ದೇನೆ, ಆದರೆ ಅದು ಇಷ್ಟು ಗಂಭೀರವೆಂದು ಗೊತ್ತಿರಲಿಲ್ಲ.

ಇನ್ನು ಉಳಿದಿರುವುದು ಹೊಂದಾಣಿಕೆಯ ಪ್ರಶ್ನೆ. ಸಹಾಯಕರು ಗೋಲ್‌ಕೀಪರ್ ಜೊತೆ ಹೋದರೆ ಉಳಿದ ಆಟಗಾರರನ್ನು ನಾನೊಬ್ಬನೇ ನೋಡಿಕೊಳ್ಳಬೇಕು, ಆಗ ಅವರಿಗೆ ಯಾವ ಡ್ರಿಲ್ ಕೊಡುವುದು ಸೂಕ್ತ? ಹಾಗೆಯೇ, ವಿರಾಮದ ಹೊತ್ತಿನಲ್ಲಿ ಮತ್ತೆ ಮೈ ತಣ್ಣಗಾಗುವುದಕ್ಕೆ ಏನು ಪರಿಹಾರ? ಬೆಂಚಿನ ಮೇಲೆ ಕುಳಿತಿರುವ ಎರಡನೆಯ ಗೋಲ್‌ಕೀಪರ್ ಬಗ್ಗೆಯೂ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ (ಕಿರಿಯರ ತಂಡಗಳ ಹಿರಿಯ ತರಬೇತುದಾರ)

ಮೂವತ್ತು ನಿಮಿಷ ಧಾರಾಳವಾಯಿತು. ಮೊದಲ ಎಂಟು ನಿಮಿಷ ಎಲ್ಲರೂ ಒಟ್ಟಿಗೆ, ಫಿಸಿಯೋ ಅವರು ಹೇಳಿದ ಕೋನ್‌ಗಳ ನಡುವಿನ ಓಟ. ಆ ಹೊತ್ತಿನಲ್ಲಿ ತಾವು ಮತ್ತು ಸಹಾಯಕರು ಉಳಿದ ಸಲಕರಣೆಯನ್ನು ಜೋಡಿಸಿಟ್ಟುಕೊಳ್ಳಬಹುದು. ಓಟ ಮುಗಿದ ಮೇಲೆ ಕೋನ್ ಹುಡುಕುತ್ತಾ ನಿಂತರೆ ಆಟಗಾರರೂ ನಿಲ್ಲುತ್ತಾರೆ. ಆಮೇಲೆ ಇಬ್ಬರೂ ಗೋಲ್‌ಕೀಪರ್‌ಗಳು ಸಹಾಯಕರೊಂದಿಗೆ ಗೋಲಿನ ಕಡೆಗೆ ಹೋಗಲಿ, ಹನ್ನೆರಡು ನಿಮಿಷ ಅವರದ್ದೇ ಕೆಲಸ.

ಉಳಿದವರಿಗೆ ರೊಂಡೋ ಕೊಡಿ, ಅಂದರೆ ಸುತ್ತ ನಿಂತವರು ಪಾಸು ಕೊಡುತ್ತಾ ನಡುವಿನವರಿಗೆ ಚೆಂಡು ಸಿಗದಂತೆ ನೋಡಿಕೊಳ್ಳುವ ಆಟ. ಎಂಟರಿಂದ ಹತ್ತು ಮೀಟರ್ ಚೌಕದಲ್ಲಿ ಅಂಚಿನ ಮೇಲೆ ನಾಲ್ವರು ಅಥವಾ ಐವರು, ನಡುವೆ ಚೆಂಡು ಕಸಿಯುವ ಇಬ್ಬರು. ಇಡೀ ತಂಡಕ್ಕೆ ಎರಡು ಚೌಕಗಳು, ಎರಡು ಚೆಂಡುಗಳು ಸಾಕು, ಆದ್ದರಿಂದ ಚೆಂಡುಗಳ ಕೊರತೆ ತಮ್ಮನ್ನು ಕಾಡುವುದಿಲ್ಲ. ಮೊದಲ ಎರಡು ನಿಮಿಷ ಎರಡು ಸ್ಪರ್ಶಕ್ಕೆ ಅವಕಾಶ, ಆಮೇಲೆ ಒಂದೇ ಸ್ಪರ್ಶ. ನಡುವಿನವರನ್ನು ಅರ್ಧ ನಿಮಿಷಕ್ಕೊಮ್ಮೆ ಬದಲಿಸಿ; ಚೆಂಡು ಸಿಗುವವರೆಗೂ ಒಳಗೇ ಇರಬೇಕೆಂಬ ಸಾಮಾನ್ಯ ಪದ್ಧತಿ ಅಭ್ಯಾಸದ ದಿನಕ್ಕೆ ಸರಿ, ಪಂದ್ಯಕ್ಕೆ ಮುನ್ನ ಅದರಿಂದ ಒಬ್ಬಿಬ್ಬರು ದಣಿದುಬಿಡುತ್ತಾರೆ. ರೊಂಡೋದಲ್ಲಿ ಯಾರೂ ಸಾಲಿನಲ್ಲಿ ಕಾಯುವುದಿಲ್ಲ, ಪಾಸು ಕೊಡುವ ಮೊದಲೇ ತಲೆ ಎತ್ತಿ ನೋಡಬೇಕಾಗುತ್ತದೆ, ಚೆಂಡಿನ ವೇಗ ಆ ದಿನದ ಹುಲ್ಲಿನ ಮೇಲೆ ಹೇಗಿದೆ ಎಂಬುದು ಪಾದಕ್ಕೆ ತಿಳಿಯುತ್ತದೆ. ಒಬ್ಬ ತರಬೇತುದಾರ ಎರಡೂ ಚೌಕಗಳನ್ನು ನಡುವೆ ನಿಂತು ಗಮನಿಸಬಹುದು. ಅದರ ನಂತರ ದೊಡ್ಡ ಜಾಗದಲ್ಲಿ ಆರು ಜನರ ಎದುರು ನಾಲ್ವರು ಚೆಂಡನ್ನು ಉಳಿಸಿಕೊಳ್ಳುವ ಆಟವನ್ನು ಮೂರು ನಾಲ್ಕು ನಿಮಿಷ ಆಡಿಸಿ.

ಇಪ್ಪತ್ತನೆಯ ನಿಮಿಷಕ್ಕೆ ಎಲ್ಲರೂ ಮತ್ತೆ ಸೇರಲಿ. ಇಲ್ಲಿ ಒದೆಯುವ ಸಾಲಿನ ಬದಲು ಆಟದಂತೆಯೇ ಕಾಣುವ ಚಲನೆ ಇರಲಿ: ಅಂಚಿನ ಆಟಗಾರ ಪಾಸು ಪಡೆದು ಕ್ರಾಸ್ ಕೊಡುತ್ತಾನೆ, ಇಬ್ಬರು ಒಳಗೆ ಓಡಿಬರುತ್ತಾರೆ, ಒಬ್ಬ ರಕ್ಷಕ ಎದುರಾಗುತ್ತಾನೆ, ಗೋಲ್‌ಕೀಪರ್ ಚೆಂಡು ಹಿಡಿದರೆ ಕೂಡಲೇ ಇನ್ನೊಂದು ಅಂಚಿಗೆ ಎಸೆದು ಮುಂದಿನ ಸರದಿಯನ್ನು ಆರಂಭಿಸುತ್ತಾನೆ. ಗೋಲ್‌ಕೀಪರ್ ಮತ್ತು ರಕ್ಷಕರು ಪರಸ್ಪರ ಕೂಗಿ ಮಾತಾಡಲು ಪಂದ್ಯಕ್ಕೆ ಮುಂಚೆ ಸಿಗುವ ಏಕೈಕ ಅವಕಾಶ ಇದು. ಕೊನೆಗೆ ಎರಡು ನಿಮಿಷದ ವೇಗದ ಓಟ, ಮೊದಲು ಮುಕ್ಕಾಲು ವೇಗ, ಆಮೇಲೆ ಹತ್ತು ಹದಿನೈದು ಮೀಟರ್‌ನ ಎರಡು ಮೂರು ಪೂರ್ಣ ವೇಗದ ಓಟಗಳು. ಪಂದ್ಯದ ಸೀಟಿಗೆ ಐದಾರು ನಿಮಿಷ ಮುಂಚೆ ನಿಲ್ಲಿಸಿ, ನೀರು ಕುಡಿಯಲು ಬಿಡಿ. ದೀರ್ಘ ಭಾಷಣವನ್ನು ಆ ಹೊತ್ತಿಗೆ ಉಳಿಸಿಕೊಳ್ಳಬೇಡಿ, ವಾರ್ಮ್‌ಅಪ್‌ಗೆ ಮುಂಚೆಯೇ ಮುಗಿಸಿಬಿಡಿ.

ವಿರಾಮದ ಬಗ್ಗೆ ಕೇಳಿದ್ದೀರಿ. ಹದಿನೈದು ನಿಮಿಷ ಸುಮ್ಮನೆ ಕುಳಿತರೆ ತೊಡೆಯ ಸ್ನಾಯುವಿನ ಉಷ್ಣತೆ ಸುಮಾರು ಎರಡು ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ, ಓಟದ ವೇಗವೂ ಅದರೊಂದಿಗೆ ಕುಸಿಯುತ್ತದೆ ಎಂದು ಅಳತೆ ಮಾಡಿ ತೋರಿಸಿದ್ದಾರೆ. ವಿರಾಮದ ಕೊನೆಗೆ ಏಳು ನಿಮಿಷ ಮಧ್ಯಮ ವೇಗದಲ್ಲಿ ಓಡಿದವರಲ್ಲಿ ಆ ಕುಸಿತ ಕಾಣಲಿಲ್ಲ. ಏಳು ನಿಮಿಷ ತಮಗೆ ಸಿಗಲಾರದು. ಎರಡು ಮೂರು ನಿಮಿಷವಾದರೂ ಸರಿಯೇ, ಬೇಗ ಹೊರಬಂದು ಓಟ, ಒಂದಷ್ಟು ಜಿಗಿತ, ದಿಕ್ಕು ಬದಲಿಸುವ ಓಟ ಮಾಡಿಸಿ.

ಉತ್ತರ (ಗೋಲ್‌ಕೀಪಿಂಗ್ ತರಬೇತುದಾರ)

ಫಿಸಿಯೋ ಅವರ ಮಾತು ಸರಿ, ಮೊದಲ ಎಂಟು ನಿಮಿಷ ತಂಡದೊಂದಿಗೇ ಇರಲಿ; ಕಾಲಿನ ಕೆಲಸದ ಒಂದು ಭಾಗ ಅಲ್ಲೇ ಆಗಿಹೋಗುವುದರಿಂದ ನಮಗೂ ಅನುಕೂಲ.

ಎರಡನೆಯ ಗೋಲ್‌ಕೀಪರ್ ವಿಷಯಕ್ಕೆ ಬಂದರೆ, ವಾರ್ಮ್‌ಅಪ್‌ನಲ್ಲಿ ಆಕೆ ಮೊದಲ ಗೋಲ್‌ಕೀಪರ್‌ಗೆ ಚೆಂಡು ಕೊಡುವುದಕ್ಕಷ್ಟೇ ಮೀಸಲಾಗಬಾರದು. ಮೂರು ಚೆಂಡುಗಳಿಗೊಮ್ಮೆ ಇಬ್ಬರೂ ಜಾಗ ಬದಲಿಸಲಿ, ಮೊದಲಿನವಳಿಗೆ ಉಸಿರಾಡಲು ಸಮಯ ಸಿಕ್ಕಂತೆಯೂ ಆಗುತ್ತದೆ. ಕ್ರಾಸ್ ಮತ್ತು ಪೂರ್ತಿ ಜಿಗಿತದ ಹೊತ್ತಿಗೆ ಮಾತ್ರ ಹೆಚ್ಚಿನ ಸರದಿ ಮೊದಲಿನವಳಿಗೆ ಕೊಡಿ. ಪಂದ್ಯ ನಡೆಯುತ್ತಿರುವಾಗ ಬದಲಿ ಗೋಲ್‌ಕೀಪರ್ ಉಳಿದ ಬದಲಿ ಆಟಗಾರರೊಂದಿಗೆ ಗೆರೆಯ ಹೊರಗೆ ಆಗಾಗ ಓಡಿ, ಭುಜಗಳನ್ನು ತಿರುಗಿಸಿ, ಮೈಯನ್ನು ಬಿಗಿಯಾಗದಂತೆ ಇಟ್ಟುಕೊಳ್ಳಬೇಕು. ಗೋಲ್‌ಕೀಪರ್ ಬದಲಾವಣೆ ಸಾಮಾನ್ಯವಾಗಿ ಗಾಯದಿಂದಲೋ ಕೆಂಪು ಕಾರ್ಡಿನಿಂದಲೋ ಆಗುವುದರಿಂದ ಮುನ್ಸೂಚನೆ ಸಿಗುವುದಿಲ್ಲ. ಒಳಗೆ ಹೋದ ಮೊದಲ ಕ್ಷಣದಲ್ಲೇ ಪೆನಾಲ್ಟಿ ಎದುರಿಸಬೇಕಾಗಿ ಬರಬಹುದು. ವಿರಾಮದಲ್ಲಿ ಐದಾರು ಮೀಟರ್ ದೂರದಿಂದ ಇಪ್ಪತ್ತು ಚೆಂಡುಗಳನ್ನಾದರೂ ಆಕೆಯ ಕೈಗೆ ಕೊಡಿ, ಗ್ಲೌಸ್ ತೊಟ್ಟುಕೊಂಡೇ ಹಿಡಿಯಲಿ. ಮಳೆಯಿದ್ದರೆ ಆ ಚೆಂಡುಗಳೂ ಒದ್ದೆಯಾಗಿರಲಿ; ಒಣ ಚೆಂಡಿನಲ್ಲಿ ಅಭ್ಯಾಸ ಮಾಡಿ ಹೋದವಳಿಗೆ ಒದ್ದೆ ಚೆಂಡು ನೆಲಕ್ಕೆ ಬಿದ್ದು ಜಾರಿ ಬರುವ ವೇಗ ಅಂದಾಜಿಗೆ ಸಿಗುವುದಿಲ್ಲ.